ಮಹಲಖಾ ಬಾಯಿ ಚಂದಾ: ಕಾವ್ಯ ಮತ್ತು ಗಾನ

ಹೈದರಾಬಾದಿನ ಆಸ್ಥಾನ ಸಂಸ್ಕೃತಿಯ ಇತಿಹಾಸದಲ್ಲಿ ಮಹಲಖಾ ಬಾಯಿ ಚಂದಾಳ (1768–1824) ಸ್ಥಾನ ವಿಶಿಷ್ಟವಾದುದು. ಕವಯಿತ್ರಿ, ಗಾಯಕಿ, ನರ್ತಕಿ ಹಾಗೂ ಜಹಗೀರುದಾರಳೆಂಬ ನಾಲ್ಕು ನೆಲೆಗಳು ಒಬ್ಬಳಲ್ಲಿಯೇ ಕೂಡಿಬಂದ ನಿದರ್ಶನಗಳು ಆ ಕಾಲದಲ್ಲಿ ವಿರಳ.

ರಾಜ್ ಕನ್ವರಳ ಮಗಳಾದ ಈಕೆ ಬೆಳೆದದ್ದು ಮೆಹತಾಬ್ ಕನ್ವರಳ ಆಶ್ರಯದಲ್ಲಿ. ನಿಜಾಮ ಅಲಿಖಾನನ ಪ್ರಧಾನಿಯಾಗಿದ್ದ ರುಕ್ನುದ್ದೌಲನಿಗೆ ಮೆಹತಾಬಳು ಆಪ್ತಳಾಗಿದ್ದುದರಿಂದ ಬಾಲಕಿಗೆ ಗ್ರಂಥಭಂಡಾರವೂ ಗುರುಗಳೂ ದೊರೆತರು. ತಾನಸೇನನ ಪರಂಪರೆಯ ಖುಷಹಾಲ್ ಖಾನನಲ್ಲಿ ಸಂಗೀತವನ್ನು ಕಲಿತಳು; ಕುದುರೆ ಸವಾರಿ, ಬಿಲ್ವಿದ್ಯೆಗಳಲ್ಲಿಯೂ ಪಳಗಿ, ನಿಜಾಮನ ದಂಡಯಾತ್ರೆಗಳಲ್ಲಿ ಜೊತೆಗೂಡಿದಳು. ದೊರೆಯಿಂದ ಬಿರುದು, ನೌಬತ್ತಿನ ಗೌರವ ಹಾಗೂ ಜಹಗೀರುಗಳನ್ನು ಪಡೆದಳು. ಅವುಗಳಲ್ಲೊಂದಾದ ಅಡಿಕ್‌ಮೆಟ್ಟಿನ ನೆಲದಲ್ಲಿಯೇ ಮುಂದೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣ ರೂಪುಗೊಂಡಿತು.

1798ರಲ್ಲಿ ಸಂಕಲಿತವಾದ ಆಕೆಯ ದಿವಾನದಲ್ಲಿ 125 ಗಜಲುಗಳಿವೆ. ಪ್ರತಿ ಗಜಲಿಗೂ ಐದೇ ದ್ವಿಪದಿಗಳು. ಪ್ರಣಯದ ಅಳಲಿನಿಂದ ಹೊರಟ ಗಜಲು ಹಜರತ್ ಅಲಿಯ ಸ್ಮರಣೆಯಲ್ಲಿ ಕೊನೆಗಾಣುವುದು ಆಕೆಯ ರೀತಿ. 1799ರಲ್ಲಿ ಇದರ ಹಸ್ತಪ್ರತಿಯೊಂದನ್ನು ಮಾಲ್ಕಮ್ ಎಂಬ ಆಂಗ್ಲ ಅಧಿಕಾರಿಗೆ ಆಕೆ ಕಾಣಿಕೆಯಾಗಿತ್ತಳು; ಅದು ಲಂಡನ್ನಿನಲ್ಲಿ ಸುರಕ್ಷಿತವಾಗಿದೆ. ದಿವಾನವನ್ನು ರಚಿಸಿದ ಮೊದಲ ಉರ್ದು ಕವಯಿತ್ರಿ ಈಕೆಯೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. 1797ರ ಲುತ್ಫುನ್ನಿಸಾ ಇಮ್ತಿಯಾಜಳ ದಿವಾನ ಬೆಳಕಿಗೆ ಬಂದ ಮೇಲೆ ಆ ಪ್ರಾಥಮ್ಯ ಉಳಿಯಲಿಲ್ಲ. ಆದರೆ ಚಂದಾಳ ಕಾವ್ಯದ ಮೌಲ್ಯವು ಪ್ರಾಥಮ್ಯವನ್ನೇ ಅವಲಂಬಿಸಿದುದಲ್ಲ.

ಇಲ್ಲಿ ಯುರೋಪಿನ ಟ್ರೂಬಡೂರರನ್ನು ನೆನೆಯುವುದು ಉಚಿತ. 12 ಮತ್ತು 13ನೆಯ ಶತಮಾನಗಳಲ್ಲಿ ದಕ್ಷಿಣ ಫ್ರಾನ್ಸಿನ ಆಸ್ಥಾನಗಳಲ್ಲಿ ಪ್ರೇಮವನ್ನು ದೇಶಭಾಷೆಯಲ್ಲಿ ಹಾಡಿದ ಈ ಕವಿಗಾಯಕರಿಂದಲೇ ಉತ್ತರ ಫ್ರಾನ್ಸಿನ ಹಾಗೂ ಜರ್ಮನಿಯ ಲೌಕಿಕ ಗಾನವು ಪ್ರೇರಣೆ ಪಡೆಯಿತು. ಅವರ ಸುಮಾರು 2500 ಪದ್ಯಗಳು ಉಳಿದಿದ್ದರೂ ಧಾಟಿಸಹಿತ ದೊರೆತವು ಹತ್ತರಲ್ಲೊಂದು ಪಾಲು ಮಾತ್ರ. ಅವರಲ್ಲಿದ್ದ ಮಹಿಳೆಯರ ರಚನೆಗಳ ಪೈಕಿ ಸ್ವರಲಿಪಿಯೊಡನೆ ಉಳಿದುದು ದಿಯಾದ ಕೌಂಟೆಸಳ ಒಂದೇ ಒಂದು ಹಾಡು. ಚಂದಾಳ ದಿವಾನದಲ್ಲಿ ಅಷ್ಟೂ ಇಲ್ಲ: ಅಲ್ಲಿರುವುದು ಪದ್ಯಪಾಠ ಮಾತ್ರ. ಅವಳ ಗಾನವು ಶಿಷ್ಯೆಯರ ಕಂಠದಲ್ಲಿ ಉಳಿಯಬೇಕಿದ್ದ ವಿದ್ಯೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಚ್ ವಿರೋಧಿ ಚಳವಳಿಯು ಇಂತಹ ಕಲಾವಿದೆಯರನ್ನು ನೀತಿಯ ಹೆಸರಿನಲ್ಲಿ ಅಂಚಿಗೆ ತಳ್ಳಿತು. ಅವರೊಡನೆ ಹಾಡಿಕೆಯ ನೆನಪೂ ಕ್ಷೀಣಿಸಿತು.

ಮೌಲಾ ಅಲಿ ಬೆಟ್ಟದ ತಪ್ಪಲಿನಲ್ಲಿ ತಾಯಿಗಾಗಿ 1792ರಲ್ಲಿ ಕಟ್ಟಿಸಿದ ಗೋರಿಯ ಬಳಿಯಲ್ಲಿಯೇ ಚಂದಾ 1824ರಲ್ಲಿ ಮಣ್ಣಾದಳು. ಬೀದರ, ಕಲಬುರಗಿ, ರಾಯಚೂರುಗಳು 1948ರವರೆಗೆ ಇದೇ ಸಂಸ್ಥಾನದ ಭಾಗಗಳಾಗಿದ್ದವು. ಕಲಬುರಗಿ, ಬೀದರ, ವಿಜಾಪುರಗಳು ದಖನಿಯು ಬೆಳೆದ ನೆಲ. ಆದುದರಿಂದ ಚಂದಾಳ ಅಧ್ಯಯನವು ಕನ್ನಡ ವಿದ್ಯಾರ್ಥಿಗೆ ಪರಕೀಯವಲ್ಲ. ವಚನವಾಗಲಿ ಕೀರ್ತನೆಯಾಗಲಿ, ಹಾಡಿ ಉಳಿದ ಸಾಹಿತ್ಯವನ್ನು ಅಚ್ಚಿನ ಪಾಠವಾಗಿ ಮಾತ್ರ ಓದುವಾಗ ಕಳೆದುಕೊಳ್ಳುವುದೇನು ಎಂಬ ಪ್ರಶ್ನೆಯನ್ನು ಆಕೆಯ ಬದುಕು ನಮ್ಮ ಮುಂದಿಡುತ್ತದೆ.