ಪುಷ್ಪಗರ್ಭದ ಪರಿಶೋಧಕರು: ಡಾಕ್ಟರ್ ಬಿ.ಜಿ.ಎಲ್. ಸ್ವಾಮಿ

ಹೂವಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ನಡೆಯದು. ದೇವರ ಮುಡಿಗೆ ಹೂವು ಬೇಕು, ಹೆಣ್ಣುಮಕ್ಕಳ ತುರುಬಿಗೆ ಹೂವು ಬೇಕು, ಮದುವೆಯ ಚಪ್ಪರಕ್ಕೂ ಹೂವೇ ಬೇಕು. ಆದರೆ ಆ ಹೂವು ಯಾವ ಕ್ರಮದಿಂದ ಕಾಯಾಗುತ್ತದೆ, ಅದರ ಒಡಲಿನಲ್ಲಿ ಬೀಜದ ಜೀವವು ಹೇಗೆ ಮೊಳೆಯುತ್ತದೆ ಎಂದು ವಿಚಾರ ಮಾಡಿದವರು ನಮ್ಮಲ್ಲಿ ವಿರಳ. ಈ ವಿಚಾರಕ್ಕಾಗಿಯೇ ಆಯುಷ್ಯವನ್ನು ಸವೆಸಿ, ಪ್ರಪಂಚದ ವಿದ್ವಾಂಸರ ಪಂಕ್ತಿಯಲ್ಲಿ ಸ್ಥಾನ ಪಡೆದ ಕನ್ನಡಿಗರೊಬ್ಬರು ಆಗಿಹೋಗಿದ್ದಾರೆ. ಅವರೇ ಡಾಕ್ಟರ್ ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣಸ್ವಾಮಿಯವರು. ಹಸುರು ಹೊನ್ನು ಎಂಬ ಗ್ರಂಥವನ್ನೋದಿ ನಕ್ಕು ನಲಿದ ವಾಚಕರು ಅನೇಕರಿರುವರು. ಆ ನಗೆಯ ಹಿಂದೆ ಇದ್ದ ವಿಜ್ಞಾನಿಯ ಪರಿಚಯ ಮಾತ್ರ ನಮ್ಮ ವಿದ್ಯಾವಂತರಿಗೂ ಅಷ್ಟಾಗಿ ಇಲ್ಲದಿರುವುದು ವಿಷಾದಕರ.

ಸ್ವಾಮಿಯವರು ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಡಿ.ವಿ. ಗುಂಡಪ್ಪನವರು, ಪತ್ರಿಕೋದ್ಯಮದಲ್ಲಿಯೂ ಸಾಹಿತ್ಯದಲ್ಲಿಯೂ ಅವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಅಂಥ ಮನೆಯಲ್ಲಿ ಬೆಳೆದ ಮಗನು ಕಾವ್ಯವನ್ನೋ ನ್ಯಾಯಶಾಸ್ತ್ರವನ್ನೋ ಹಿಡಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಸ್ವಾಮಿಯವರು ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಹಿಡಿದರು. ಅದರಲ್ಲಿಯೂ ಹೂಬಿಡುವ ಸಸ್ಯಗಳ ಒಳರಚನೆ ಮತ್ತು ಭ್ರೂಣದ ಬೆಳೆವಣಿಗೆ ಎಂಬ ಅತಿ ಸೂಕ್ಷ್ಮವಾದ ವಿಭಾಗವನ್ನು ಆರಿಸಿಕೊಂಡರು.

ಆ ವಿಭಾಗವು ಆಗ ಇನ್ನೂ ಎಳೆಯದು. ಹೂಗಿಡಗಳಲ್ಲಿ ನಿಷೇಚನವು ಇಮ್ಮಡಿಯಾಗಿ ನಡೆಯುವುದೆಂದು ರಷ್ಯದ ನವಾಶಿನ್ ಎಂಬ ವಿದ್ವಾಂಸರು ತೋರಿಸಿಕೊಟ್ಟದ್ದು 1898ರಲ್ಲಿ. ಪರಾಗದ ಒಂದು ಬೀಜಾಣುವು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಬೇರೆ ಕೇಂದ್ರಗಳೊಡನೆ ಬೆರೆತು ಆ ಭ್ರೂಣಕ್ಕೆ ಆಹಾರವನ್ನು ಒದಗಿಸುವ ಭಾಗವಾಗುತ್ತದೆ. ನಾವು ಉಣ್ಣುವ ರಾಗಿಯ ಹಿಟ್ಟಿನಲ್ಲಿಯೂ ಅಕ್ಕಿಯ ಅನ್ನದಲ್ಲಿಯೂ ಬಹುಭಾಗವು ಈ ಎರಡನೆಯ ಕೂಡುವಿಕೆಯ ಫಲವೇ ಆಗಿರುತ್ತದೆ. ಮಗುವಿಗಾಗಿ ಗಿಡವು ಕಟ್ಟಿಟ್ಟ ಬುತ್ತಿಯನ್ನು ಮನುಷ್ಯನು ಉಂಡು ಬದುಕುತ್ತಿದ್ದಾನೆ.

1940ರ ದಶಕದ ಆರಂಭದಿಂದಲೇ ಸ್ವಾಮಿಯವರು ಆರ್ಕಿಡ್ ಕುಲದ ಸಸ್ಯಗಳನ್ನು ಕುರಿತು ಪ್ರಬಂಧಗಳನ್ನು ಪ್ರಕಟಿಸತೊಡಗಿದರು. ಆರ್ಕಿಡ್ಡಿನ ಬೀಜವು ಧೂಳಿನಷ್ಟು ಸಣ್ಣದು; ಅದರಲ್ಲಿ ಭ್ರೂಣಕ್ಕೆ ಬುತ್ತಿಯೇ ಇರುವುದಿಲ್ಲ; ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಅದು ಮೊಳೆಯಲಾರದು. ಇಂಥದರ ಒಳಗನ್ನು ಕಾಣಬೇಕಾದರೆ ಮೊಗ್ಗು, ಹೂವು, ಎಳೆಗಾಯಿಗಳನ್ನು ಹೊತ್ತುಹೊತ್ತಿಗೆ ಕೊಯ್ದು ಮದ್ದಿನಲ್ಲಿ ಕೆಡದಂತೆ ಇರಿಸಬೇಕು, ಮೇಣದಲ್ಲಿ ಹುದುಗಿಸಬೇಕು, ಕೂದಲಿಗಿಂತಲೂ ತೆಳುವಾದ ಹಾಳೆಗಳಾಗಿ ಸಾಲಾಗಿ ಕತ್ತರಿಸಬೇಕು, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ಕಂಡಂತೆ ಬರೆದುಕೊಳ್ಳಬೇಕು. ಒಂದು ಹಾಳೆ ಕಳೆದರೆ ಕಥೆಯ ಒಂದು ಕೊಂಡಿಯೇ ಕಳೆದಂತೆ. ಈ ತಪಸ್ಸಿನಿಂದ ಅವರು ಆರ್ಕಿಡ್ ಭ್ರೂಣಗಳ ಬೆಳೆವಣಿಗೆಯನ್ನು ಬಗೆಬಗೆಯಾಗಿ ವಿಂಗಡಿಸಿದರು. 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಆ ವಿಂಗಡಣೆಯನ್ನು ಆ ಕುಲದ ಅಭ್ಯಾಸಿಗಳು ಮುಂದೆಯೂ ಆಧಾರವಾಗಿ ಹಿಡಿದರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ವಿಂಗ್ ಬೈಲಿಯೆಂಬ ಹಿರಿಯ ಸಸ್ಯಶಾಸ್ತ್ರಜ್ಞರೊಡನೆ ಸ್ವಾಮಿಯವರು ನಡೆಸಿದ ಪರಿಶೋಧನೆಯು ಅವರ ಕೀರ್ತಿಗೆ ಕಳಶವಿಟ್ಟಿತು. ಹೂವಿನ ನಡುವಣ ಗರ್ಭಕೋಶವು ಮೂಲದಲ್ಲಿ ಏನಾಗಿತ್ತು ಎಂಬುದು ಬಹುಕಾಲದ ಚರ್ಚೆ. ಫಿಜಿ ದ್ವೀಪದ ಡೀಜೆನೀರಿಯ ಮುಂತಾದ ಪುರಾತನ ಲಕ್ಷಣದ ಮರಗಳನ್ನು ಪರೀಕ್ಷಿಸಿ, ಅದು ನಡುನರದ ಗುಂಟ ಮಡಿಚಿಕೊಂಡ ಎಲೆಯಂಥ ಅಂಗವೆಂದೂ, ಆದಿಯಲ್ಲಿ ಅದರ ಅಂಚುಗಳು ಪೂರ್ತಿಯಾಗಿ ಬೆಸೆದಿರಲಿಲ್ಲವೆಂದೂ ಇವರಿಬ್ಬರು 1951ರಲ್ಲಿ ಪ್ರತಿಪಾದಿಸಿದರು. ಇದರ ಮರ್ಮವನ್ನು ತಿಳಿಯಲು ನಮ್ಮ ವಾಚಕರು ಫಿಜಿಗೆ ಹೋಗಬೇಕಾದುದಿಲ್ಲ. ಕುಣಿಗಲ್ ಸೀಮೆಯ ಹೊಲಗಳಲ್ಲಿ ರಾಗಿಯ ಜೊತೆಗೆ ಬೆಳೆಯುವ ಅವರೆಯ ಒಂದು ಕಾಯಿಯನ್ನು ಬಿಡಿಸಿ ನೋಡಿದರೆ ಸಾಕು. ಕಾಳುಗಳೆಲ್ಲವೂ ಒಂದೇ ಹೊಲಿಗೆಗೆ ಅಂಟಿಕೊಂಡಿರುತ್ತವೆ; ಬಿಡಿಸಿದಾಗ ಒಂದು ಈ ಹೋಳಿನಲ್ಲಿ, ಮುಂದಿನದು ಆ ಹೋಳಿನಲ್ಲಿ ನಿಲ್ಲುತ್ತದೆ. ಆ ಹೊಲಿಗೆಯೇ ಎಲೆಯ ಎರಡು ಅಂಚುಗಳು ಕೂಡಿದ ಸ್ಥಳ; ಎದುರಿನದು ನಡುನರ. ಮನೆಯವರು ದಿನವೂ ಸುಲಿಯುವ ಕಾಯಿಯಲ್ಲಿ ಹೂಗಿಡಗಳ ಪೂರ್ವೇತಿಹಾಸವು ಅಡಗಿದೆ.

ನ್ಯೂ ಕ್ಯಾಲೆಡೋನಿಯ ದ್ವೀಪದ ಅಂಬೊರೆಲ್ಲ ಎಂಬ ಗಿಡದ ಕಾಷ್ಠದಲ್ಲಿ ನೀರೇರುವ ನಾಳಗಳಿಲ್ಲವೆಂದು ಬೈಲಿ ಮತ್ತು ಸ್ವಾಮಿಯವರು 1948ರಲ್ಲಿ ಪ್ರಕಟಿಸಿದರು. ಅರ್ಧ ಶತಮಾನದ ತರುವಾಯ, 1999ರಲ್ಲಿ, ವಂಶವಾಹಿಗಳ ಪರೀಕ್ಷೆಯಿಂದ ಅದೇ ಗಿಡವು ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕೂ ಮೊದಲು ಕವಲೊಡೆದ ಶಾಖೆಯೆಂದು ಕಂಡುಬಂದಿತು. ಸಾರ್ಕಾಂಡ್ರ ಎಂಬ ಗಿಡದಲ್ಲಿಯೂ ನಾಳಗಳಿಲ್ಲವೆಂದು 1950ರಲ್ಲಿ ಅವರು ಬರೆದಿದ್ದರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಅದರ ಬೇರಿನಲ್ಲಿ ನಾಳಗಳನ್ನು ಕಂಡು ಆ ಮಾತನ್ನು ತಿದ್ದಿದರು. ಶಾಸ್ತ್ರದ ದಾರಿಯೇ ಹೀಗೆ. ತಿದ್ದುವಷ್ಟು ಸ್ಪಷ್ಟವಾಗಿ ಬರೆದಿಡುವುದೂ ಒಂದು ಸೇವೆ. ಅದೇ ಕುಲದಲ್ಲಿ ದಕ್ಷಿಣ ಭಾರತದ ಸಸ್ಯವೊಂದಕ್ಕೆ 1953ರಲ್ಲಿ ತಮ್ಮ ಗುರುವಾದ ಬೈಲಿಯವರ ಹೆಸರನ್ನಿಟ್ಟು ಸ್ವಾಮಿಯವರು ಗುರುಋಣವನ್ನು ಸಲ್ಲಿಸಿದರು.

ಅಮೆರಿಕದಿಂದ ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಅವರ ಕರ್ಮಭೂಮಿಯಾಯಿತು. ಅಲ್ಲಿ ಪ್ರಾಧ್ಯಾಪಕರಾಗಿಯೂ ಪ್ರಿನ್ಸಿಪಾಲರಾಗಿಯೂ ಇದ್ದು ಹಲವಾರು ಶಿಷ್ಯರನ್ನು ತಯಾರುಮಾಡಿದರು. ಕೆರೆಕುಂಟೆಗಳಲ್ಲಿ ಬೆಳೆಯುವ ಒಟ್ಟೀಲಿಯ ಎಂಬ ನೀರುಗಿಡದ ಭ್ರೂಣವನ್ನು ಪರೀಕ್ಷಿಸಿ, ಏಕದಳ ಸಸ್ಯಗಳಲ್ಲಿ ಬೀಜದಳವೂ ಚಿಗುರಿನ ತುದಿಯೂ ಹುಟ್ಟುವ ಸ್ಥಳವನ್ನು ಕುರಿತ ಹಳೆಯ ಅಭಿಪ್ರಾಯವನ್ನು 1963ರಲ್ಲಿ ಪ್ರಶ್ನಿಸಿದರು. ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರವನ್ನು ಸಂಗ್ರಹಿಸಿ ಕೆ.ವಿ. ಕೃಷ್ಣಮೂರ್ತಿಯವರೊಡನೆ ಇಂಗ್ಲಿಷಿನಲ್ಲಿ ಬರೆದ ಪಠ್ಯಗ್ರಂಥವು 1980ರಲ್ಲಿ ಹೊರಬಂದಿತು. ಅದೇ ವರ್ಷ ನವೆಂಬರ್ 2ರಂದು ಅವರು ಕಾಲವಶರಾದರು.

ಇಷ್ಟರಿಂದಲೇ ಅವರು ವಿದ್ವಾಂಸರ ಗೌರವಕ್ಕೆ ಪಾತ್ರರಾಗುತ್ತಿದ್ದರು. ಆದರೆ ಇಂಗ್ಲಿಷಿನಲ್ಲಿ ಸಂಪಾದಿಸಿದ ಜ್ಞಾನದ ಋಣವನ್ನು ತಾಯ್ನುಡಿಗೆ ಸಲ್ಲಿಸದೆ ಅವರಿಗೆ ಸಮಾಧಾನವಾಗಲಿಲ್ಲ. ವಿದ್ಯಾರ್ಥಿಗಳೊಡನೆ ಕಾಡುಮೇಡು ಸುತ್ತಿದ ಅನುಭವವು ಹಸುರು ಹೊನ್ನಾಯಿತು. ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಸಂದಿತು. ನಮ್ಮ ಅಡಿಗೆಮನೆಯ ಮೆಣಸಿನಕಾಯಿ, ಆಲೂಗೆಡ್ಡೆ ಮೊದಲಾದುವು ಎಲ್ಲಿಂದ ಬಂದುವೆಂಬುದನ್ನು ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಪುಸ್ತಕದಲ್ಲಿ ಹೇಳಿದರು. ಚಿತ್ರಗಳನ್ನೂ ತಾವೇ ಬರೆದರು. ಶಾಸ್ತ್ರವನ್ನು ನೀರು ಬೆರೆಸಿ ತೆಳುಮಾಡಲಿಲ್ಲ, ಹಾಸ್ಯವನ್ನೂ ಬಿಡಲಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇಕೆ?

ತುಮಕೂರು, ಗುಬ್ಬಿ, ಕುಣಿಗಲ್ ಪ್ರಾಂತದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇದು. ಮಗನಾಗಲಿ ಮಗಳಾಗಲಿ ಸಸ್ಯಶಾಸ್ತ್ರವನ್ನು ಓದುವೆನೆಂದರೆ, ಬೇರೆ ಯಾವುದೂ ದೊರೆಯದವರ ಪಾಲಿನ ವಿದ್ಯೆಯೆಂದು ಅದನ್ನು ತಳ್ಳಿಬಿಡುವ ಪದ್ಧತಿ ಒಳ್ಳೆಯದಲ್ಲ. ಉಪಾಧ್ಯಾಯರಲ್ಲಿಯೂ ಒಂದು ಮಾತು: ಪುಸ್ತಕದ ಚಿತ್ರವನ್ನು ನಕಲುಮಾಡಿ ಅಂಕ ಗಳಿಸಿದ ವಿದ್ಯಾರ್ಥಿಯು ಹೂವನ್ನು ಕಂಡವನಲ್ಲ. ಊರ ಕೆರೆಯ ನೀರುಗಿಡವನ್ನು ತಂದು, ತನ್ನ ಕೈಯಿಂದಲೇ ಕೊಯ್ದು, ತನ್ನ ಕಣ್ಣಿನಿಂದ ನೋಡಿ, ಕಂಡದ್ದನ್ನು ತನ್ನ ನುಡಿಯಲ್ಲಿ ಹೇಳಬಲ್ಲವನೇ ಕಲಿತವನು. ಸ್ವಾಮಿಯವರ ಸ್ಮಾರಕವನ್ನು ಕಲ್ಲಿನಲ್ಲಿ ಕಟ್ಟಬೇಕಾಗಿಲ್ಲ; ಅಂಥ ಹತ್ತು ಮಂದಿ ವಿದ್ಯಾರ್ಥಿಗಳು ಈ ಸೀಮೆಯಿಂದ ಹೊರಟರೆ ಅದೇ ಅವರಿಗೆ ತಕ್ಕ ಸ್ಮಾರಕವಾದೀತು.