ಸಾಲ ತೀರಿಸಲು ಲೋಕ ಸುತ್ತಿದ ಪ್ರಕಾಶಕ ಮಾರ್ಕ್ ಟ್ವೇನ್

1896ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದಾಗ ಅಮೆರಿಕದ ಪ್ರಖ್ಯಾತ ಲೇಖಕ ಮಾರ್ಕ್ ಟ್ವೇನ್‌ಗೆ ಅರವತ್ತು ವರ್ಷ. ಆದರೆ ಆತ ಊರೂರು ಸುತ್ತಿ ಉಪನ್ಯಾಸ ನೀಡುತ್ತಿದ್ದುದು ಪ್ರವಾಸದ ಹುಮ್ಮಸ್ಸಿನಿಂದಲ್ಲ. ದಿವಾಳಿಯಾದ ತನ್ನ ಪ್ರಕಾಶನ ಸಂಸ್ಥೆಯ ಸಾಲ ತೀರಿಸಬೇಕಿತ್ತು. ಪುಸ್ತಕ ಮಾರಾಟದ ಒಳಗುಟ್ಟನ್ನು ಆ ಕಾಲದಲ್ಲಿ ಆತನಷ್ಟು ಬಲ್ಲ ಸಾಹಿತಿಗಳು ವಿರಳ. ಅಂಥವನೇ ಮುಳುಗಿದ್ದು ಹೇಗೆ ಎಂಬುದು ಇಂದಿಗೂ ಬರಹಗಾರರು ತಿಳಿಯಬೇಕಾದ ಕಥೆ.

ಅಚ್ಚುಮೊಳೆಯಿಂದ ಆರಂಭ

1835ರ ನವೆಂಬರ್ 30ರಂದು ಮಿಸ್ಸೂರಿ ರಾಜ್ಯದಲ್ಲಿ ಜನಿಸಿದ ಈತನ ನಿಜನಾಮ ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಹನ್ನೊಂದನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕ ಮುದ್ರಣಾಲಯ ಸೇರಿ ಅಚ್ಚುಮೊಳೆ ಜೋಡಿಸುವ ಕಸುಬು ಕಲಿತ. ಮುಂದೆ ಮಿಸಿಸಿಪ್ಪಿ ನದಿಯಲ್ಲಿ ಹಡಗು ನಡೆಸಿದ. ಬಳಿಕ ಪತ್ರಕರ್ತನಾಗಿ 1863ರಲ್ಲಿ ಮಾರ್ಕ್ ಟ್ವೇನ್ ಎಂಬ ಕಾವ್ಯನಾಮ ತಳೆದ.

1869ರಲ್ಲಿ ಪ್ರಕಟವಾದ ಪ್ರವಾಸ ಕಥನ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಆತನಿಗೆ ಹೆಸರು ತಂದಿತು. ಹಾರ್ಟ್‌ಫರ್ಡ್ ನಗರದ ಅಮೆರಿಕನ್ ಪಬ್ಲಿಷಿಂಗ್ ಕಂಪನಿ ಅದನ್ನು ಹೊರತಂದಿತ್ತು. ಅಂದು ಪುಸ್ತಕದಂಗಡಿಗಳು ಬಹುಪಾಲು ನಗರಗಳಲ್ಲೇ ಇದ್ದವು. ಹಳ್ಳಿಗಾಡಿನ ಓದುಗರನ್ನು ತಲುಪಲು ಈ ಕಂಪನಿಯ ಏಜೆಂಟರು ಮಾದರಿ ಪುಟಗಳನ್ನು ಹಿಡಿದು ಮನೆಮನೆಗೆ ಹೋಗಿ, ಮುಂಗಡವಾಗಿಯೇ ಗಿರಾಕಿಗಳ ಹೆಸರು ಬರೆದುಕೊಳ್ಳುತ್ತಿದ್ದರು. ಈ ಚಂದಾ ಪದ್ಧತಿಯಲ್ಲಿ ಮೊದಲ ವರ್ಷವೇ ಸುಮಾರು 70 ಸಾವಿರ ಪ್ರತಿಗಳು ಖರ್ಚಾದವು. ಟ್ವೇನ್‌ಗೆ ದೊರೆತ ರಾಯಲ್ಟಿ ಶೇ. 5.

1872ರ 'ರಫಿಂಗ್ ಇಟ್' ಕೃತಿಗೆ ಅದು ಶೇ. 7.5ಕ್ಕೆ ಏರಿತು. ಲಾಭದಲ್ಲಿ ಅರ್ಧಪಾಲೆಂದರೆ ಇಷ್ಟೇ ಎಂದು ಪ್ರಕಾಶಕ ಎಲಿಶಾ ಬ್ಲಿಸ್ ನಂಬಿಸಿದ್ದ. 1880ರಲ್ಲಿ ಬಂದ ಪುಸ್ತಕಕ್ಕೆ ಟ್ವೇನ್ ನಿಜವಾಗಿಯೂ ಅರ್ಧ ಲಾಭದ ಕರಾರು ಮಾಡಿಕೊಂಡ. ಅದರ ಲೆಕ್ಕಪತ್ರ ಕೈಸೇರಿದಾಗಲೇ, ಹಿಂದಿನ ಪುಸ್ತಕಗಳಲ್ಲಿ ತಾನೆಷ್ಟು ಕಳೆದುಕೊಂಡೆ ಎಂಬುದು ಆತನ ಅರಿವಿಗೆ ಬಂದದ್ದು. ಅಷ್ಟರಲ್ಲಿ ಬ್ಲಿಸ್ ತೀರಿಕೊಂಡಿದ್ದ.

ಸ್ವಂತ ಪ್ರಕಾಶನದ ವೈಭವ

ಬೇಸತ್ತ ಟ್ವೇನ್ 1884ರಲ್ಲಿ, ಅಕ್ಕನ ಮಗಳ ಗಂಡ ಚಾರ್ಲ್ಸ್ ವೆಬ್‌ಸ್ಟರ್‌ನ ಹೆಸರಿನಲ್ಲಿ ತನ್ನದೇ ಸಂಸ್ಥೆ ಕಟ್ಟಿದ. ಮೊದಲ ಪುಸ್ತಕ 'ಹಕಲ್‌ಬರಿ ಫಿನ್'. 40 ಸಾವಿರ ಪ್ರತಿಗಳಿಗೆ ಮುಂಗಡ ಬೇಡಿಕೆ ಬರುವವರೆಗೆ ಬಿಡುಗಡೆ ಬೇಡವೆಂದು ಆತ ವೆಬ್‌ಸ್ಟರ್‌ಗೆ ತಾಕೀತು ಮಾಡಿದ್ದ. ಕೆನಡಾದ ಕಳ್ಳಮುದ್ರಕರಿಂದ ಈ ಹಿಂದೆ ಪೆಟ್ಟು ತಿಂದಿದ್ದರಿಂದ, 1884ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಹಾಗೂ ಕೆನಡಾದಲ್ಲಿ ಪ್ರಕಟಿಸಿ ಕೃತಿಸ್ವಾಮ್ಯ ಭದ್ರಪಡಿಸಿಕೊಂಡ ಬಳಿಕವೇ, 1885ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ.

ಅದೇ ವರ್ಷ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಆತ್ಮಕಥೆ ಬರೆಯುತ್ತಿದ್ದರು. ಹೂಡಿಕೆಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡಿದ್ದ ಅವರನ್ನು ಗಂಟಲಿನ ಕ್ಯಾನ್ಸರ್ ಬಾಧಿಸುತ್ತಿತ್ತು. ಇನ್ನೊಂದು ಸಂಸ್ಥೆ ಶೇ. 10 ರಾಯಲ್ಟಿ ನೀಡಲು ಮುಂದಾಗಿದ್ದಾಗ ಟ್ವೇನ್ ನಿವ್ವಳ ಲಾಭದಲ್ಲಿ ಶೇ. 70 ಕೊಡುವೆನೆಂದು ಒಪ್ಪಿಸಿದ. ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ ಗ್ರಾಂಟ್ ನಿಧನರಾದರು. ಎರಡು ಸಂಪುಟಗಳ ಆ ಕೃತಿಯ 3 ಲಕ್ಷಕ್ಕೂ ಅಧಿಕ ಜೊತೆಗಳು ಮಾರಾಟವಾದವು. 1886ರ ಫೆಬ್ರುವರಿಯಲ್ಲಿ ಗ್ರಾಂಟ್ ಪತ್ನಿಗೆ 2 ಲಕ್ಷ ಡಾಲರ್‌ಗಳ ಚೆಕ್ ಸಂದಿತು.

ಮಾರಿದಷ್ಟೂ ಏರಿದ ಸಾಲ

ಈ ಗೆಲುವೇ ಮುಂದಿನ ಸೋಲಿಗೆ ಕಾರಣವಾಯಿತೆಂದರೆ ತಪ್ಪಾಗಲಾರದು. ಕ್ಯಾಥೊಲಿಕರೆಲ್ಲರೂ ಕೊಳ್ಳುವರೆಂದು ನಂಬಿ 1887ರಲ್ಲಿ ಪ್ರಕಟಿಸಿದ ಪೋಪ್ 13ನೇ ಲಿಯೊ ಜೀವನಚರಿತ್ರೆ ನಿರೀಕ್ಷೆ ಹುಸಿಗೊಳಿಸಿತು. ಬಳಿಕ ಅಮೆರಿಕನ್ ಸಾಹಿತ್ಯದ 11 ಸಂಪುಟಗಳ ಮಾಲಿಕೆ ಬಂತು. ಅದನ್ನು ಕಂತಿನಲ್ಲಿ ಮಾರಲಾಯಿತು. ಮುದ್ರಣದ ವೆಚ್ಚ, ಏಜೆಂಟರ ಕಮಿಷನ್ ಮೊದಲೇ ತೆರಬೇಕು. ಗಿರಾಕಿಯ ಹಣ ಮಾತ್ರ ತಿಂಗಳು ತಿಂಗಳು ಚಿಲ್ಲರೆಯಾಗಿ ಬರಬೇಕು. ಹೀಗಾಗಿ ಹೆಚ್ಚು ಮಾರಿದಷ್ಟೂ ಬಂಡವಾಳದ ಕೊರತೆ ಹೆಚ್ಚಿತು.

ಕೊರತೆ ತುಂಬಬೇಕಾದ ಹಣವನ್ನು ಟ್ವೇನ್ ಬೇರೊಂದು ಕನಸಿಗೆ ಸುರಿಯುತ್ತಿದ್ದ. ತಾನು ಬಾಲ್ಯದಲ್ಲಿ ಕೈಯಿಂದ ಜೋಡಿಸಿದ ಅಚ್ಚುಮೊಳೆಗಳನ್ನು ತಾನಾಗಿಯೇ ಜೋಡಿಸುವ, ಜೇಮ್ಸ್ ಪೇಜ್ ರೂಪಿಸಿದ ಯಂತ್ರವದು. ಪದೇ ಪದೇ ಕೆಡುತ್ತಿದ್ದ ಅದನ್ನು ಲೈನೊಟೈಪ್ ಯಂತ್ರ ಹಿಂದಿಕ್ಕಿತು. ಲಕ್ಷಾಂತರ ಡಾಲರ್ ನೀರುಪಾಲಾಯಿತು. 1893ರ ಆರ್ಥಿಕ ಕುಸಿತದ ಬೆನ್ನಲ್ಲೇ, 1894ರ ಏಪ್ರಿಲ್ 18ರಂದು ಸಂಸ್ಥೆ ಬಾಗಿಲು ಮುಚ್ಚಿತು.

ಉಳಿಸಿದ್ದು ಕೃತಿಸ್ವಾಮ್ಯ

ಆಗ ನೆರವಿಗೆ ಬಂದವರು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರೋಜರ್ಸ್. ಸಂಸ್ಥೆಗೆ ಪತ್ನಿ ಒಲಿವಿಯಾ ಕೂಡ ಸಾಲ ನೀಡಿದ್ದರು. ರೋಜರ್ಸ್ ಅವರನ್ನೇ ಮುಖ್ಯ ಸಾಲಗಾರರೆಂದು ಪರಿಗಣಿಸಿ, ಪುಸ್ತಕಗಳ ಕೃತಿಸ್ವಾಮ್ಯವನ್ನು ಅವರ ಹೆಸರಿಗೆ ವರ್ಗಾಯಿಸಿದರು. ಉಳಿದವರಿಗೆ ಕಾನೂನಿನಂತೆ ಅಲ್ಪಸ್ವಲ್ಪ ಕೊಟ್ಟು ಕೈತೊಳೆದುಕೊಳ್ಳಲು ಅವಕಾಶವಿತ್ತು. ಆದರೆ ಪ್ರತಿ ಡಾಲರನ್ನೂ ಹಿಂದಿರುಗಿಸಲು ದಂಪತಿ ನಿರ್ಧರಿಸಿದರು.

1895ರ ಜುಲೈನಲ್ಲಿ ಹೊರಟ ಉಪನ್ಯಾಸ ಯಾತ್ರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ, ದಕ್ಷಿಣ ಆಫ್ರಿಕಾಗಳನ್ನು ಸುತ್ತಿತು. ಅದು ಮುಗಿದ ಮರುತಿಂಗಳೇ, 1896ರ ಆಗಸ್ಟ್‌ನಲ್ಲಿ, ಊರಲ್ಲಿ ಉಳಿದಿದ್ದ ಹಿರಿಯ ಮಗಳು ಸೂಸಿ ಅಸುನೀಗಿದಳು. ತಂದೆ ಇಂಗ್ಲೆಂಡಿನಲ್ಲಿದ್ದ. ಆ ದುಃಖದಲ್ಲೇ ಬರೆದು ಮುಗಿಸಿದ ಪ್ರವಾಸ ಗ್ರಂಥ 1897ರಲ್ಲಿ ಹೊರಬಂತು. 1898ರಲ್ಲಿ ಸಾಲ ಪೂರ್ತಿ ತೀರಿತು.

ಟ್ವೇನ್ ಮತ್ತೆ ಪ್ರಕಾಶನಕ್ಕೆ ಕೈಹಾಕಲಿಲ್ಲ. 1906ರಲ್ಲಿ ಅಮೆರಿಕದ ಸಂಸತ್ ಸಮಿತಿಯೆದುರು ಬಿಳಿಯುಡುಪಿನಲ್ಲಿ ನಿಂತು, ಕೃತಿಸ್ವಾಮ್ಯದ ಅವಧಿ ವಿಸ್ತರಿಸುವಂತೆ ವಾದಿಸಿದ. 1909ರ ಕಾಯ್ದೆ ಅದನ್ನು 42 ವರ್ಷಗಳಿಂದ 56 ವರ್ಷಗಳವರೆಗೆ ಹೆಚ್ಚಿಸಿತು. 1910ರ ಏಪ್ರಿಲ್ 21ರಂದು ಆತ ಕಣ್ಮುಚ್ಚಿದ. ಯಂತ್ರ, ಸಂಸ್ಥೆ, ಕಂತಿನ ವ್ಯಾಪಾರ ಯಾವುದೂ ಆತನ ಕೈಹಿಡಿಯಲಿಲ್ಲ. ಕೊನೆಯವರೆಗೂ ಮನೆಗೆ ಆಧಾರವಾಗಿದ್ದು ತಾನೇ ಬರೆದ ಪುಸ್ತಕಗಳ ಹಕ್ಕು.