ದುಬಾರಿ ಡ್ಯಾಕ್ ತಂದರೆ ಮಲ್ಲಿಕಾರ್ಜುನ ಮನ್ಸೂರರ ಹಳೆ ದನಿ ಮರಳಿ ಬರುತ್ತದೆಯೇ?

ಹಳೆ ಹಾಡಿನ ಲಿಂಕ್ ಜೊತೆಗೆ ಎರಡು ಮಾತು ಗ್ರೂಪುಗಳಲ್ಲಿ ಆಗಾಗ ಓಡಾಡುತ್ತವೆ. ಒಳ್ಳೆ ಡ್ಯಾಕ್ ಹಾಕಿದರೆ ತೊಂಬತ್ತು ವರ್ಷದ ಹಿಂದಿನ ಹಾಡೂ ಗವಾಯಿಗಳು ಎದುರಿಗೆ ಕೂತು ಹಾಡಿದಂತೆ ಕೇಳುತ್ತದೆ ಎಂಬುದು ಒಂದು. ಡಿಜಿಟಲ್ ಆದರೆ ಸ್ವರ ತುಂಡು ತುಂಡಾಗಿ ಮೀಂಡ್ ಸತ್ತೇ ಹೋಗುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು. ಫೋನು, ಲ್ಯಾಪ್‌ಟಾಪಿನಲ್ಲಿರುವ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯನ್ನಾಗಿ ಮಾಡುವ ಸಣ್ಣ ಪೆಟ್ಟಿಗೆಯೇ ಡ್ಯಾಕ್. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿಯಲು ಮನ್ಸೂರರ ಬದುಕನ್ನೇ ನೋಡಬಹುದು. ಗ್ರಾಮಫೋನ್ ಪ್ಲೇಟು, ರೇಡಿಯೊ, ಎಲ್‌ಪಿ, ಕ್ಯಾಸೆಟ್ ಎಲ್ಲವನ್ನೂ ದಾಟಿ ಬಂದ ದನಿ ಅವರದು.

ಮಲ್ಲಿಕಾರ್ಜುನ ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಪಕ್ಕದ ಮನ್ಸೂರಿನಲ್ಲಿ. ತಂದೆ ಭೀಮರಾಯಪ್ಪ ಊರಗೌಡರು, ಒಕ್ಕಲುತನದವರು. ಅಣ್ಣ ಬಸವರಾಜರ ನಾಟಕದ ಗೀಳು ತಮ್ಮನನ್ನೂ ಚಿಕ್ಕ ವಯಸ್ಸಿನಲ್ಲೇ ರಂಗಕ್ಕೆ ಎಳೆಯಿತು. ಮೊದಲು ಅಪ್ಪಯ್ಯ ಸ್ವಾಮಿಗಳ ಹತ್ತಿರ ಕರ್ನಾಟಕ ಸಂಗೀತ, ಆಮೇಲೆ ಮೀರಜಿನಲ್ಲಿ ನೀಲಕಂಠಬುವಾ ಆಲೂರಮಠರ ಹತ್ತಿರ ಗ್ವಾಲಿಯರ್ ಗಾಯಕಿ. ನಂತರ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್ ಗುರುವಾದರು. 1937ರಲ್ಲಿ ಮಂಜಿ ಖಾನ್ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನ್ ಕಲಿಸಿದರು. ಒಂದೇ ಉಸಿರಿನಲ್ಲಿ ಸ್ವರದಿಂದ ಸ್ವರಕ್ಕೆ ಹೊರಳುತ್ತ ಹೋಗುವ ಆ ತಾನಗಳು, ಲಚ್ಚಾಸಾಖ್, ಬಹಾದುರಿ ತೋಡಿ, ಶಿವಮತ ಭೈರವದಂಥ ಅಪರೂಪದ ರಾಗಗಳು ಅವರಿಗೆ ದಕ್ಕಿದ್ದು ಈ ಮನೆತನದಿಂದ.

1930ರ ದಶಕದಲ್ಲಿ ಎಚ್‌ಎಂವಿ ಅವರ ಪ್ಲೇಟುಗಳನ್ನು ಹೊರತಂದಿತು. ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕಿತ್ತು. ಆ ಕಾಲದ ಮೈಕು ಮತ್ತು ಮೇಣದ ಅಚ್ಚಿಗೆ ತೀರಾ ತೆಳು, ಎತ್ತರದ ನಾದ ಸಿಗುತ್ತಿರಲಿಲ್ಲ. ತಂಬೂರಿಯ ಜವಾರಿ, ಅಂದರೆ ತಂತಿ ಮೀಟಿದಾಗ ಹೊಮ್ಮುವ ಆ ಝೇಂಕಾರ, ಹೆಚ್ಚಾಗಿ ಎತ್ತರದ ಕಂಪನಗಳಿಂದಲೇ ಆದದ್ದು. ಹಾಗಾಗಿ ಹಳೆ ಪ್ಲೇಟಿನಲ್ಲಿ ಅದು ಮಸುಕು. ಅಂದು ಅಚ್ಚಾಗದೇ ಹೋದದ್ದನ್ನು ಇಂದಿನ ಯಾವ ಡ್ಯಾಕೂ ಹುಟ್ಟಿಸಲಾರದು. ಫೈಲಿನ ಮೇಲೆ 24 ಬಿಟ್, 192 ಕಿಲೊಹರ್ಟ್ಜ್ ಎಂದು ಬರೆದಿದ್ದರೂ ಅಷ್ಟೇ: ಸಣ್ಣ ಚೊಂಬಿನ ನೀರನ್ನು ಹಂಡೆಗೆ ಸುರಿದರೆ ನೀರು ಹೆಚ್ಚಾಗುವುದಿಲ್ಲ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಪ್ಲೇಟನ್ನು ಕಂಪ್ಯೂಟರಿಗೆ ಇಳಿಸುವಾಗ ವೇಗ ಶೇ 6ರಷ್ಟು ಹೆಚ್ಚಾದರೆ ಇಡೀ ಹಾಡು ಹಾರ್ಮೋನಿಯಂನ ಒಂದು ಪಟ್ಟಿ ಮೇಲೇರಿಬಿಡುತ್ತದೆ. ಗಾಯಕರ ದನಿಯೇ ಬೇರೆ ಅನ್ನಿಸುತ್ತದೆ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಮನ್ಸೂರರು ಅಲ್ಲಿ ಹಾಡಿದ್ದಷ್ಟೇ ಅಲ್ಲ, ಸಂಗೀತ ಸಲಹೆಗಾರರಾಗಿಯೂ ದುಡಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಶಾಸ್ತ್ರೀಯ ಸಂಗೀತವನ್ನೂ ಅವರ ವಚನ ಗಾಯನವನ್ನೂ ಮನೆಬಾಗಿಲಿಗೆ ತಂದದ್ದು ಈ ನಿಲಯವೇ. ಮೀಡಿಯಂ ವೇವ್‌ನಲ್ಲಿ ಸುಮಾರು 5 ಸಾವಿರ ಹರ್ಟ್ಜ್‌ಗಿಂತ ಮೇಲಿನ ನಾದ ಬಹುತೇಕ ಬರುವುದಿಲ್ಲ. ಆದರೂ ಜನ ಮನ್ಸೂರರನ್ನು ಒಂದೇ ಆಲಾಪಕ್ಕೆ ಗುರುತು ಹಿಡಿಯುತ್ತಿದ್ದರು, ಏಕೆಂದರೆ ದನಿಯ ಗುರುತು ಹೆಚ್ಚಾಗಿ ಇರುವುದು ಅದಕ್ಕಿಂತ ಕೆಳಗೇ.

ದೊಡ್ಡ ಹೆಸರು ಬಂದದ್ದು ತಡವಾಗಿ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ. ಎಲ್‌ಪಿ ಮತ್ತು ಟೇಪಿನ ಆ ಕಾಲದ ಧ್ವನಿಮುದ್ರಣಗಳಲ್ಲಿ ಹಳೆ ಪ್ಲೇಟಿನಲ್ಲಿ ಕಳೆದುಹೋದದ್ದು ಬಹಳಷ್ಟು ಉಳಿದಿದೆ. ಡ್ಯಾಕ್ ತನ್ನ ಕೆಲಸ ತೋರಿಸುವುದು ಇಂಥವುಗಳಲ್ಲಿ. ಮೀಂಡ್ ಸಾಯುತ್ತದೆ ಎಂಬ ಮಾತನ್ನೂ ಇಲ್ಲೇ ನೋಡೋಣ. ಸಿಡಿ ಮಟ್ಟದ ಫೈಲಿನಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಲಾಗುತ್ತದೆ. ನಾವು ಕೇಳಬಲ್ಲ ಅತಿ ಎತ್ತರದ ನಾದ ಸುಮಾರು 20 ಸಾವಿರ ಹರ್ಟ್ಜ್, ವಯಸ್ಸಾದಂತೆ ಇನ್ನೂ ಕಡಿಮೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಅಲೆ ಪೂರ್ತಿ ಮರಳಿ ಸಿಗುತ್ತದೆ ಎಂಬುದು ಸಾಬೀತಾದ ಗಣಿತ. ಡ್ಯಾಕಿನಿಂದ ಹೊರಬರುವುದು ಮೆಟ್ಟಿಲಲ್ಲ, ನುಣುಪಾದ ಅಲೆ. ಮನ್ಸೂರರ ಮೀಂಡ್ ಅಲ್ಲಿ ತುಂಡಾಗುವುದಿಲ್ಲ.

ಹಾಗಾದರೆ ಕೆಡುವುದು ಎಲ್ಲಿ? ಬಹುತೇಕ ಡ್ಯಾಕಿನ ಆಚೀಚೆ. ವಿಡಿಯೊ ಆಗಿ ಫಾರ್ವರ್ಡ್ ಮಾಡಿದ ಹಾಡು ಕುಗ್ಗಿರುತ್ತದೆ, ಬ್ಲೂಟೂತ್ ಮತ್ತೊಮ್ಮೆ ಕುಗ್ಗಿಸುತ್ತದೆ. ಆದ್ದರಿಂದ ಮೂಲ ಫೈಲ್ ಹಿಡಿಯಿರಿ, ವೈರಿನಿಂದ ಜೋಡಿಸಿ. ಫೋನಿನ ಬಾಸ್ ಬೂಸ್ಟು, ಈಕ್ವಲೈಜರ್ ಆಫ್ ಮಾಡಿ. ಆಂಪ್ಲಿಫೈಯರಿಗೆ ಜೋಡಿಸಿದ್ದರೆ ಮೊದಲು ಅದರ ವಾಲ್ಯೂಮ್ ಇಳಿಸಿ, ಫೋನಿನದನ್ನು ಪೂರ್ತಿ ಏರಿಸಿ, ಆಮೇಲೆ ಆಂಪ್ಲಿಫೈಯರಿನಲ್ಲೇ ಹದ ಮಾಡಿಕೊಳ್ಳಿ. ಹೆಡ್‌ಫೋನ್ ಹಾಕಿದ್ದರೆ ಮಾತ್ರ ಹೀಗೆ ಮಾಡಬೇಡಿ, ಕಿವಿಗೆ ಪೆಟ್ಟು. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ಡ್ಯಾಕಿನದಲ್ಲ, ಕರೆಂಟಿನ ದಾರಿಯದು. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕೈಯಲ್ಲಿ ಹಣ ಉಳಿದಿದ್ದರೆ ಸ್ಪೀಕರಿಗೆ ಹಾಕಿ. ವ್ಯತ್ಯಾಸ ಕಿವಿಗೆ ಗೊತ್ತಾಗುವುದು ಅಲ್ಲಿ.

ಪರೀಕ್ಷೆಗೆ ಮನ್ಸೂರರ ಕೊನೆಯ ದಶಕಗಳ ಒಂದು ಧ್ವನಿಮುದ್ರಣ ಸಾಕು. ಅವರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಹಿಂದಿನ ತಂಬೂರಿ ಕೇಳುತ್ತದೆಯೇ ಗಮನಿಸಿ. 1992ರಲ್ಲಿ ಪದ್ಮವಿಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಧಾರವಾಡದ ಅವರ ಮನೆ ಮೃತ್ಯುಂಜಯ ಈಗ ಸ್ಮಾರಕ.